ಯಾರೂ ಕೊಡದ ಖೋ

ದೆವ್ವದ ಮಾತು ಬಂದಾಗ ನಮ್ಮ ವಸತಿ ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ನಾನು. ಸ್ನಾನದ ಮನೆಯ ಮೂಲೆಯ ನಲ್ಲಿ ತಾನಾಗಿಯೇ ಸುರಿಯುತ್ತದೆ, ಕಾಲುವೆ ಕಡೆಯ ಕಿಟಕಿಯಲ್ಲಿ ಒಬ್ಬಾಕೆ ಕೂದಲು ಬಿಚ್ಚಿಕೊಂಡು ನಿಲ್ಲುತ್ತಾಳೆ ಎಂದು ಹುಡುಗಿಯರು ಚಾದರದೊಳಗೆ ಮುದುರಿಕೊಳ್ಳುತ್ತಿದ್ದರು. ನಾನು ಎದ್ದು ಹೋಗಿ ಅದೇ ನಲ್ಲಿಯ ಕೆಳಗೆ ಕಾಲು ತೊಳೆದು ಬರುತ್ತಿದ್ದೆ. ದೊಡ್ಡ ಧೈರ್ಯವೇನೂ ಬೇಕಿರಲಿಲ್ಲ. ನಲ್ಲಿಯ ವಾಷರ್ ಸವೆದಿತ್ತು. ಕಾರಣವಿಲ್ಲದ ಸಂಗತಿ ಇರುವುದಿಲ್ಲ, ಹುಡುಕುವವರಿಗೆ ಬೇಸರ ಬಂದಿರುತ್ತದೆ ಅಷ್ಟೇ ಎಂದು ನಂಬಿದ್ದೆ. ಈಗಲೂ ಬಹುಮಟ್ಟಿಗೆ ಹಾಗೆಯೇ ನಂಬುತ್ತೇನೆ. ಒಂದು ಮಧ್ಯಾಹ್ನ ಮಾತ್ರ ಆ ನಂಬಿಕೆಯೊಳಗೆ ಹಿಡಿಸುತ್ತಿಲ್ಲ.

ಹೌದು, ಮಧ್ಯಾಹ್ನ. ರಾತ್ರಿಯ ಕಥೆ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು. ಇದು ಯಾದಗಿರಿಯ ಬಿಸಿಲಿನಲ್ಲಿ, ತುಂಬಿದ ಮೈದಾನದಲ್ಲಿ, ಎಲ್ಲರೂ ನೋಡುತ್ತಿರುವಾಗ ನಡೆದದ್ದು. ಇನ್ನೊಂದು ಮಾತು. ಇದನ್ನು ನಾನು ಹಲವರಿಗೆ ಹೇಳಿದ್ದೇನೆ. ಹೇಳಿದಷ್ಟೂ ಅದು ನಯವಾಗುತ್ತ ಬಂದಿದೆ. ಎಲ್ಲಿ ಉಜ್ಜಿ ನಯ ಮಾಡಿದ್ದೇನೆ ಎಂದು ನನಗೆ ಗೊತ್ತಾದ ಕಡೆ ನಿಮಗೆ ಹೇಳಿಬಿಡುತ್ತೇನೆ. ನನಗೇ ಗೊತ್ತಾಗದ ಕಡೆ ನೀವೇ ನೋಡಿಕೊಳ್ಳಬೇಕು.

ನಮ್ಮ ಶಾಲೆ ಇದ್ದದ್ದು ಭೀಮರಾಯನಗುಡಿಯಿಂದ ಸ್ವಲ್ಪ ಆಚೆ. ಹೆಸರು ಬೇಡ. ನಾನು ಸುರಪುರದವಳು. ಅಪ್ಪ ಒಂದು ಕಚೇರಿಯಲ್ಲಿ ಜವಾನ. ಈ ಕಥೆಯ ಇನ್ನೊಬ್ಬಳು ಮಾನಮ್ಮ, ಶಹಾಪುರದ ಹತ್ತಿರದ ಸಗರದವಳು, ಒಕ್ಕಲುತನದ ಮನೆಯವಳು. ಎಂಟನೆಯ ತರಗತಿಗೆ ಇಬ್ಬರೂ ಒಟ್ಟಿಗೇ ಸೇರಿದೆವು. ಮೊದಲ ವಾರದಲ್ಲೇ ಪಿ.ಟಿ. ಮೇಡಂ ನಮ್ಮನ್ನು ಓಡಿಸಿ ನೋಡಿ, ಇಬ್ಬರನ್ನೂ ಖೋಖೋಗೆ ಹಾಕಿಕೊಂಡರು. ಅಂದಿನಿಂದ ಹತ್ತನೆಯ ತರಗತಿಯವರೆಗೆ ನಮ್ಮಿಬ್ಬರಲ್ಲಿ ಯಾರು ಮೇಲು ಎಂಬುದು ಇಡೀ ಹಾಸ್ಟೆಲ್ಲಿಗೆ ಊಟದ ಜೊತೆಗಿನ ಉಪ್ಪಿನಕಾಯಿಯಾಗಿತ್ತು.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಎರಡು ಕಂಬಗಳ ನಡುವೆ ಒಂದೇ ಸಾಲಿನಲ್ಲಿ ಎಂಟು ಜನ ಕುಕ್ಕರುಗಾಲಿನಲ್ಲಿ ಕೂತಿರುತ್ತಾರೆ. ಒಬ್ಬಳ ಮುಖ ಆ ಕಡೆ, ಪಕ್ಕದವಳ ಮುಖ ಈ ಕಡೆ. ಒಂಬತ್ತನೆಯವಳು ಎದುರು ತಂಡದ ಹುಡುಗಿಯನ್ನು ಬೆನ್ನಟ್ಟುತ್ತಾಳೆ. ಓಡುವವಳು ಸಾಲಿನ ಸಂದಿಯಲ್ಲಿ ನುಸುಳಿ ಆಚೆ ದಾಟಬಹುದು, ಬೆನ್ನಟ್ಟುವವಳು ದಾಟುವಂತಿಲ್ಲ. ಆಕೆ ಕೂತವಳೊಬ್ಬಳ ಬೆನ್ನಿಗೆ ಕೈ ತಾಗಿಸಿ ‘ಖೋ’ ಅನ್ನಬೇಕು. ಖೋ ಸಿಕ್ಕವಳು ಎದ್ದು ಓಡುತ್ತಾಳೆ, ಕೊಟ್ಟವಳು ಆ ಜಾಗದಲ್ಲಿ ಕೂರುತ್ತಾಳೆ. ಎದ್ದವಳು ಇನ್ನೊಬ್ಬಳಿಗೆ ಖೋ ಕೊಡುವ ತನಕ ಓಡುತ್ತಲೇ ಇರಬೇಕು. ಖೋ ಸಿಗದೆಯೇ ಎದ್ದರೆ ಅದು ತಪ್ಪು. ಅಂಪೈರ್ ಸೀಟಿ ಊದುತ್ತಾರೆ; ಆಗ ಯಾರನ್ನು ಮುಟ್ಟಿದರೂ ಲೆಕ್ಕಕ್ಕಿಲ್ಲ.

ಕೂತವಳಿಗೆ ಹಿಂದೆ ಏನು ನಡೆಯುತ್ತಿದೆ ಎಂದು ಕಾಣುವುದಿಲ್ಲ. ಅವಳು ಬೆನ್ನಿನಿಂದಲೇ ಕೇಳಿಸಿಕೊಳ್ಳಬೇಕು. ಒಂದು ವರ್ಷ ಒಟ್ಟಿಗೆ ಆಡಿದರೆ ಯಾವ ಕೈ ಯಾರದು ಎಂದು ಬೆನ್ನಿಗೆ ತಾನಾಗಿಯೇ ತಿಳಿಯುತ್ತದೆ. ನನ್ನ ಜೊತೆ ಸುರಪುರದಿಂದ ಬಂದಿದ್ದ ರೇಷ್ಮಾ ಬೆರಳ ತುದಿಯಿಂದ ಎರಡು ಸಲ ತಟ್ಟುತ್ತಿದ್ದಳು, ಪಕ್ಕದ ಮನೆಗೆ ಸಕ್ಕರೆ ಕೇಳಲು ಹೋದವಳ ಹಾಗೆ. ಮಾನಮ್ಮನ ಕೈ ಬೇರೆ. ಎಡ ಹೆಗಲಿನ ಮೂಳೆಯ ಕೆಳಗೆ ಅಂಗೈಯ ಬುಡ ಬಂದು ಬೀಳುತ್ತಿತ್ತು, ಬಿದ್ದಮೇಲೆ ಒಂದಿಷ್ಟು ತಳ್ಳುತ್ತಿತ್ತು. ಅವಳ ಖೋ ಕೂಗಿನಂತೆ ಇರುತ್ತಿರಲಿಲ್ಲ. ಗಂಟಲಿನಿಂದ ಹೊರಟು ಅರ್ಧಕ್ಕೇ ಕಡಿದುಹೋಗುತ್ತಿತ್ತು. ಆಟ ಮುಗಿದ ಸಂಜೆ ನನ್ನ ಬೆನ್ನು ಕೆಂಪಾಗಿರುತ್ತಿತ್ತು. ನಾನೂ ಸುಮ್ಮನಿರುತ್ತಿರಲಿಲ್ಲ, ಆದರೆ ಅಷ್ಟು ಬಲವಾಗಿ ಹೊಡೆಯುವುದು ನನ್ನ ಕೈಗೆ ಬರುತ್ತಿರಲಿಲ್ಲ.

ಹತ್ತನೆಯ ತರಗತಿಯ ವರ್ಷ ಮೇಡಂ ನಮ್ಮಿಬ್ಬರನ್ನೂ ಕರೆದು ಒಂದು ವಿಷಯ ಹೇಳಿದರು. ದೂರದ ಊರಿನ ಕ್ರೀಡಾ ಹಾಸ್ಟೆಲ್ಲಿನಲ್ಲಿ ಪಿಯುಸಿ ಓದಿಸಿ, ಊಟ, ಬಟ್ಟೆ ಕೊಟ್ಟು, ಆಟ ಕಲಿಸುತ್ತಾರೆ. ನಮ್ಮ ಶಾಲೆಯಿಂದ ಒಬ್ಬಳಿಗೆ ಅವಕಾಶ. ಯಾದಗಿರಿಯಲ್ಲಿ ನಡೆಯುವ ಆಯ್ಕೆಯ ಪಂದ್ಯದಲ್ಲಿ ನೋಡಿ ತೆಗೆದುಕೊಳ್ಳುತ್ತಾರೆ.

“ಒಂದ ಸೀಟ್ ಅದ ನೋಡ್ರಿ. ಯಾರ ಚಲೋ ಹಿಡೀತೀರಿ ಅವರಿಗೆ. ಆಮ್ಯಾಲ ಬಂದು ನನ್ ಮುಂದ ಮಾರಿ ಸಣ್ಣದು ಮಾಡಬ್ಯಾಡ್ರಿ,” ಅಂದರು.

ಆ ಸೀಟು ನಮಗೆ ಏನಾಗಿತ್ತು ಎಂಬುದನ್ನು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಹುಡುಗಿಯರ ಜಗಳದಂತೆ ಕಾಣುತ್ತದೆ. ನನ್ನ ಮನೆಯಲ್ಲೂ ಮಾನಮ್ಮನ ಮನೆಯಲ್ಲೂ ಹತ್ತನೆಯ ತರಗತಿಯೇ ಓದಿನ ಕೊನೆಯಾಗಿತ್ತು. ಆಮೇಲೆ ಮಾತುಕತೆ, ಹೆಣ್ಣು ಗೊತ್ತು ಮಾಡಿ ಉಡಿ ತುಂಬುವುದು, ವಯಸ್ಸು ಆಗುತ್ತಲೇ ಮದುವೆ. ಯಾರೂ ನಮ್ಮನ್ನು ಹೊಡೆಯುತ್ತಿರಲಿಲ್ಲ, ಯಾರೂ ಕೆಟ್ಟವರಾಗಿರಲಿಲ್ಲ. ಬೇರೆ ದಾರಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅಷ್ಟೇ. ಊಟ, ಬಟ್ಟೆಯ ಸಮೇತ ಬರುವ ಸೀಟನ್ನು ಮಾತ್ರ ನಮ್ಮಪ್ಪ ಬೇಡ ಅನ್ನುತ್ತಿರಲಿಲ್ಲ. ಅವಳಪ್ಪನೂ ಅನ್ನುತ್ತಿರಲಿಲ್ಲ.

ಮೇಡಂ ಕೋಣೆಯಿಂದ ಹೊರಗೆ ಬಂದಾಗ ಮಾನಮ್ಮ ಅಂದಳು, “ನೀ ಪ್ಯಾಟಿಯಾಕಿ ಅದೀದಿ. ನಿಮ್ಮಪ್ಪಗ ಪಗಾರ ಬರ್ತದ. ನೀ ಹೆಂಗರ ಓದ್ತಿ. ಸೀಟ್ ನನಗ ಬಿಡು.”

“ನಮ್ಮಪ್ಪ ಅದೇ ಪಗಾರದಾಗ ಬಸ್ ಹತ್ತಿ ಊರೂರು ಗಂಡ ನೋಡಾಕತ್ಯಾನ. ನೀನೇ ಬಿಡು.”

ಬಾಗಿಲಲ್ಲೇ ನಿಂತು ಕೇಳುತ್ತಿದ್ದ ರೇಷ್ಮಾ ನಡುವೆ ಬಂದಳು. “ಇಬ್ರೂ ಬಿಡ್ರಿ, ನಾ ಹೋಗ್ತೀನಿ. ಅಲ್ಲಿ ದಿನಾ ತತ್ತಿ ಕೊಡ್ತಾರಂತ.”

ಪಂದ್ಯದ ಹಿಂದಿನ ದಿನ ಮಾನಮ್ಮನ ಕಾಕಾ ಮೋಟಾರ್ ಸೈಕಲ್ಲಿನಲ್ಲಿ ಬಂದ. ಅಜ್ಜಿಗೆ ಆರಾಮಿಲ್ಲ, ಹುಡುಗಿಯನ್ನು ಕಳಿಸಿ ಅಂದ. ಅಜ್ಜಿಗೆ ಆರಾಮಿಲ್ಲ ಅಂದರೆ ಏನು ಎಂಬುದು ಹಾಸ್ಟೆಲ್ಲಿನ ಪ್ರತಿ ಹುಡುಗಿಗೂ ಗೊತ್ತಿತ್ತು. ಯಾರೋ ನೋಡಲು ಬರುತ್ತಾರೆ, ಮಾತು ಮುಗಿಸುತ್ತಾರೆ, ಉಡಿ ತುಂಬುತ್ತಾರೆ. ಮೇಡಂ ಬಹಳ ಹೊತ್ತು ವಾದ ಮಾಡಿದರು. ಕಾಕಾ ವಾದ ಮಾಡಲಿಲ್ಲ, ಗಾಡಿಯ ಮೇಲೆ ಕೂತೇ ಇದ್ದ. ಮಾನಮ್ಮ ಚೀಲ ಹಿಡಿದು ಬಂದಳು. ನನಗೆ ಆಗ ಆದದ್ದು ಸಂತೋಷ. ಹದಿನಾರು ವರ್ಷದವಳಿಗೆ ಆಗಬೇಕಾದದ್ದೂ ಅದೇ. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ.

ಗಾಡಿ ಹತ್ತುವ ಮುಂಚೆ ಅವಳು ನನ್ನ ಕಡೆ ತಿರುಗಿ, “ನಾ ಇಲ್ಲಂತ ಆರಾಮ ಆಡಬ್ಯಾಡ. ಬೆನ್ನು ಕಾಯ್ಕೊ,” ಅಂದಳು. ಇದು ಕಥೆಗೆ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ಅದಕ್ಕೇ ನನಗೆ ಈ ಮಾತಿನ ಮೇಲೆ ಅನುಮಾನ. ರೇಷ್ಮಾ ಅಲ್ಲೇ ಇದ್ದಳು. ಮಾನಮ್ಮ ಹೇಳಿದ್ದು ತನ್ನ ಸಾಬೂನಿನ ಬಗ್ಗೆ, ತಾನು ಬರುವಷ್ಟರಲ್ಲಿ ನಾವು ಸವೆಸಬಾರದೆಂದು, ಅನ್ನುತ್ತಾಳೆ ಅವಳು. ಇರಬಹುದು. ಸಾಬೂನಿನ ಮಾತೇ ಮಾನಮ್ಮನ ಬಾಯಿಗೆ ಹೆಚ್ಚು ಒಪ್ಪುತ್ತದೆ.

ಮರುದಿನ ಯಾದಗಿರಿ. ಕೆಂಪು ಮೊರಂ ಮಣ್ಣು ಹಾಸಿದ ಮೈದಾನ, ಒಂದು ಬದಿಗೆ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಆಯ್ಕೆಗೆ ಬಂದವರು. ನಮ್ಮ ಎದುರು ಗುರುಮಠಕಲ್ ಕಡೆಯ ತಂಡ. ಅವರಲ್ಲಿ ಒಬ್ಬ ಉದ್ದನೆಯ ಹುಡುಗಿ ಇದ್ದಳು, ಹಾರುವ ದಾವಣಿಯಂತೆ ಎಲ್ಲಿ ಬೇಕಾದರೂ ತಿರುಗುತ್ತಿದ್ದಳು. ನಮ್ಮ ಕಡೆಯವರು ಯಾರೂ ಅವಳನ್ನು ಮುಟ್ಟಿರಲಿಲ್ಲ. ಊಟದ ನಂತರ ಕೊನೆಯ ಸುತ್ತು. ಅವಳೊಬ್ಬಳೇ ಉಳಿದಿದ್ದಳು, ಹೊತ್ತು ಮುಗಿಯುತ್ತ ಬಂದಿತ್ತು. ಅವಳು ಉಳಿದರೆ ನಾವು ಸೋತೆವು. ಸೋತ ತಂಡದ ಕಡೆ ಕುರ್ಚಿಯವರು ತಿರುಗಿ ನೋಡುವುದಿಲ್ಲ ಎಂದು ಮೇಡಂ ಮೊದಲೇ ಹೇಳಿದ್ದರು. ಬೆಳಗಿನಿಂದ ನಾನೂ ಹೇಳಿಕೊಳ್ಳುವಂಥದ್ದೇನೂ ಆಡಿರಲಿಲ್ಲ.

ನಾನು ಕಂಬದ ಪಕ್ಕದ ಚೌಕದಲ್ಲಿ ಕೂತಿದ್ದೆ. ರೇಷ್ಮಾ ನನ್ನ ಬೆನ್ನ ಕಡೆಯಲ್ಲಿ ಆ ಹುಡುಗಿಯನ್ನು ಬೆನ್ನಟ್ಟುತ್ತಿದ್ದಳು. ಕಂಬದ ಹತ್ತಿರ ಬರುತ್ತಲೇ ಹುಡುಗಿ ಸಂದಿಯಲ್ಲಿ ನುಸುಳಿ ನನ್ನ ಮುಖದ ಕಡೆಗೆ ದಾಟಿದಳು. ಇನ್ನು ರೇಷ್ಮಾ ಬಂದು ನನಗೆ ಖೋ ಕೊಡಬೇಕು. ಆದರೆ ಹಿಂದೆ ಮೂಟೆ ಬಿದ್ದಂಥ ಸದ್ದಾಯಿತು. ಜನ ಒಂದೇ ಸಲ ‘ಅಯ್ಯೋ’ ಅಂದರು. ರೇಷ್ಮಾ ಬಿದ್ದಿದ್ದಾಳೆ ಎಂದು ನೋಡದೆಯೇ ತಿಳಿಯಿತು. ಎದುರಿನ ಹುಡುಗಿಗೂ ಅದು ಕಂಡಿತು. ಅವಳು ಓಟ ನಿಲ್ಲಿಸಿ, ನನ್ನಿಂದ ಕೈಯಳತೆಗಿಂತ ಸ್ವಲ್ಪ ದೂರದಲ್ಲಿ ನಿಂತು, ತೋಳಿನಿಂದ ಮುಖ ಒರೆಸಿಕೊಂಡಳು.

ಆಗ ಕೈ ಬಿತ್ತು.

ಎಡ ಹೆಗಲಿನ ಮೂಳೆಯ ಕೆಳಗೆ, ಅಂಗೈಯ ಬುಡ, ಆಮೇಲೆ ತಳ್ಳು. ಅದರ ಜೊತೆಗೇ ಖೋ, ಗಂಟಲಿನಿಂದ, ಅರ್ಧಕ್ಕೆ ಕಡಿದದ್ದು. ನಾನು ಎದ್ದೆ. ಎದ್ದು ಎರಡು ಹೆಜ್ಜೆಯಲ್ಲಿ ಆ ಹುಡುಗಿಯ ಸೊಂಟ ಮುಟ್ಟಿದೆ. ಅವಳ ಕಣ್ಣಲ್ಲಿ ಗಾಬರಿಗಿಂತ ಹೆಚ್ಚಾಗಿ ಮೋಸಹೋದವರ ನೋಟ ಇತ್ತು. ತಪ್ಪಿನ ಸೀಟಿ ಬರಲಿಲ್ಲ. ಅಂಪೈರ್ ಕೈ ಮೇಲೆತ್ತಿ ಔಟ್ ಅಂದರು.

ನನಗೆ ಆಗ ಭಯವೇನೂ ಆಗಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಮಾನಮ್ಮ ಖೋ ಕೊಟ್ಟಳು, ನಾನು ಎದ್ದೆ. ಮೂರು ವರ್ಷ ದಿನಾ ಹಾಗೇ ನಡೆದಿತ್ತು. ಹುಡುಗಿಯನ್ನು ಮುಟ್ಟಿದಮೇಲೆ, ಜನ ಚಪ್ಪಾಳೆ ತಟ್ಟುವಾಗ, ಮಾನಮ್ಮ ಸಗರದಲ್ಲಿದ್ದಾಳೆ ಎಂಬುದು ನೆನಪಾಯಿತು. ತಿರುಗಿ ನೋಡಿದೆ. ರೇಷ್ಮಾ ಆಗಲೇ ಎದ್ದಿದ್ದಳು. ಅವಳು ಬಿದ್ದ ಗುರುತು ಮೊರಂ ಮೇಲೆ ಕಾಣುತ್ತಿತ್ತು. ಅದಕ್ಕೂ ನನ್ನ ಚೌಕಕ್ಕೂ ನಡುವೆ ಇನ್ನೊಬ್ಬಳು ಮಲಗುವಷ್ಟು ಜಾಗ ಇತ್ತು. ಇಷ್ಟು ಜಾಗ ಇತ್ತು ಎಂಬುದನ್ನು ನಾನು ಆಗಲೇ ನೋಡಿದೆನೋ, ಆಮೇಲೆ ಸೇರಿಸಿಕೊಂಡೆನೋ ಹೇಳಲಾರೆ. ಆದರೆ ಒಂದನ್ನು ನೋಡಿದ್ದು ಖಂಡಿತ. ನನ್ನ ಖಾಲಿ ಚೌಕದಲ್ಲಿ ಬಂದು ಕೂರಬೇಕಾದ ರೇಷ್ಮಾ ಕೂರದೆ, ಅದರ ಪಕ್ಕದಲ್ಲಿ ನಿಂತಿದ್ದಳು. ತುಂಬಿದ ಬಸ್ಸಿನಲ್ಲಿ ಸೀಟಿನ ಪಕ್ಕ ನಿಲ್ಲುತ್ತೇವಲ್ಲ, ಹಾಗೆ.

ನಾವು ಗೆದ್ದೆವು. ಆ ಒಂದು ಹಿಡಿತದಿಂದ ನನ್ನ ಹೆಸರು ಆಯ್ಕೆಯಲ್ಲಿ ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ರೇಷ್ಮಾಳನ್ನು ಕೇಳಿದೆ, ಬಿದ್ದಲ್ಲಿಂದಲೇ ಹೇಗೆ ಕೈ ಚಾಚಿದೆ ಎಂದು.

“ನಾ ಎಲ್ಲಿ ಕೊಟ್ಟೀನಿ? ನನ್ ಬಾಯಿ ತುಂಬ ಮಣ್ಣಿತ್ತು. ಖೋ ಹೆಂಗ ಅನ್ಲಿ, ಮೂಗಿಲೆ ಅನ್ಲೇನು?”

“ಮತ್ತ ಯಾರ ಕೊಟ್ರು?”

“ಯಾರೂ ಕೊಟ್ಟಿಲ್ಲ. ನೀನೇ ಎದ್ದೀದಿ. ಅಂಪೈರ್ ಸಾಬಗ ಬಿಸಿಲು ಕಣ್ಣಿಗೆ ಹೊಡದಿತ್ತು. ಸಿಕ್ಕದಲ್ಲ, ಬಾಯಿ ಮುಚ್ಕೊಂಡು ತುಗೊ.”

ಸ್ವಲ್ಪ ದೂರ ಹೋದಮೇಲೆ ತಾನಾಗಿಯೇ ಅಂದಳು, “ಆದ್ರ ಒಂದ್ ಮಾತು. ನಿನ್ ಜಾಗದಾಗ ಕೂಡಾಕ ಹ್ವಾದೆ ನೋಡು, ‘ಸ್ವಲ್ಪ ಅತ್ಲಾಗ ಸರೀ’ ಅನ್ನಬೇಕು ಅನ್ನಸ್ತು. ಯಾರಿಗಂತ ಕೇಳಬ್ಯಾಡ.”

ಈಗ ರೇಷ್ಮಾಗೆ ಈ ಮಾತು ನೆನಪಿಲ್ಲ. ಸುರಪುರದಲ್ಲಿ ಅವಳದೊಂದು ಹೊಲಿಗೆ ಅಂಗಡಿ ಇದೆ. ಫೋನಿನಲ್ಲಿ ಕೇಳಿದರೆ, “ನಕ್ಕೋ ಮಾ, ಈಗ ಬ್ಯಾಡ, ಬ್ಲೌಜ್ ಕಟ್ ಮಾಡಾಕತ್ತೀನಿ, ಕೈ ನಡಗ್ತದ,” ಎಂದು ನಗುತ್ತಾಳೆ.

ಈ ಕಥೆ ಕೇಳಿದವರು ಇಲ್ಲಿಗೆ ಬಂದಾಗ ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ: ಬೆನ್ನ ಮೇಲೆ ಗುರುತು ಇತ್ತೇ? ಬಿಳಿ ಅಂಗಿಯ ಮೇಲೆ ಅಂಗೈಯ ಮುದ್ರೆ, ಅರಿಶಿನದ್ದೋ, ಕೆಂಪು ಮಣ್ಣಿನದೋ. ಇರಲಿಲ್ಲ. ಒಂದೆರಡು ಸಲ, ಕೇಳುವವರ ಮುಖ ನೋಡಿ, ಇತ್ತು ಅನ್ನಬೇಕೆಂದು ನಾಲಿಗೆಯ ತುದಿಗೆ ಬಂದಿದೆ. ಅಂಗಿ ಬೆವರಿನಿಂದ ಒದ್ದೆಯಾಗಿತ್ತು, ಅಷ್ಟೇ.

ಗುರುತಿಲ್ಲದ್ದರಿಂದ ನನಗೆ ಅನುಕೂಲವೇ ಆಯಿತು. ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಸೀಟು ಕೈತಪ್ಪುತ್ತಿತ್ತು, ಎದುರಿಗೆ ಹುಡುಗಿ ನಿಂತಿದ್ದಳು, ಮೈ ತಾನೇ ಎದ್ದಿತು. ಎದ್ದಮೇಲೆ, ತಪ್ಪು ಮಾಡಿಲ್ಲ ಎಂದು ಹೇಳಿಕೊಳ್ಳಲು ಮನಸ್ಸು ಒಂದು ಕೈಯನ್ನು ಹುಟ್ಟಿಸಿಕೊಂಡಿತು. ಅದಕ್ಕೆ ಚೆನ್ನಾಗಿ ಗೊತ್ತಿದ್ದ ಕೈಯನ್ನೇ ಆರಿಸಿಕೊಂಡಿತು. ಮನಸ್ಸು ಇಂಥ ಕೆಲಸ ಕ್ಷಣದಲ್ಲಿ ಮಾಡಿ ಮುಗಿಸುತ್ತದೆ ಎಂದು ಆಮೇಲೆ ಓದಿಯೂ ತಿಳಿದುಕೊಂಡೆ. ನನಗೆ ಇದು ಒಪ್ಪಿಗೆ. ಮಾನಮ್ಮ ಊರಿಂದ ತಿರುಗಿ ಬರದೇ ಇದ್ದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಅವಳು ಕೆಲವು ದಿನಗಳ ಮೇಲೆ ಬಂದಳು. ಉಡಿ ತುಂಬಿಸಿಕೊಂಡ ಹುಡುಗಿ ಬರುವ ರೀತಿ ಬರಲಿಲ್ಲ, ಅದೇ ಹಳೆಯ ಚೀಲ, ಅದೇ ಗಂಟುಮುಖ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಾನು, ರೇಷ್ಮಾ ಇದ್ದೆವು. ಏನಾಯಿತು ಎಂದು ರೇಷ್ಮಾ ಕೇಳಿದಳು.

“ಏನಾಗ್ತದ. ಉಡಿ ತುಂಬಾಕತ್ತಿದ್ರು. ಮಣಿ ಮ್ಯಾಲ ಕುಂತಿದ್ದೆ, ತೆಲಿ ಮ್ಯಾಲ ಸೆರಗು. ಬೆನ್ನ ಮ್ಯಾಲ ಯಾರದೋ ಕೈ ಬಿತ್ತು. ಎದ್ದೆ.”

“ಎದ್ದಿ?”

“ಎದ್ದೆ. ಉಡ್ಯಾಗಿನ ಅಕ್ಕಿ, ಕಾಯಿ, ಕುಬಸದ ಅರಿವಿ ಎಲ್ಲಾ ಚೆಲ್ಲಿತು. ಕಾಯಿ ಉರುಳಿ ಹೋಗಿ ಹುಡುಗನ ದೊಡ್ಡವ್ವನ ಕಾಲಿಗೆ ಬಡೀತು. ‘ಏನವ್ವ, ನಿಮ್ ಹುಡಿಗಿ ಓಡಾಕ ನಿಂತಾಳಲ್ಲ’ ಅಂದ್ಲು ಆಕಿ. ಖರೇನ ನಿಂತಿದ್ದೆ. ಕಂಬ ಎಲ್ಲದಂತ ನೋಡಾಕತ್ತಿದ್ದೆ.”

ರೇಷ್ಮಾ ಬಿದ್ದು ಬಿದ್ದು ನಕ್ಕಳು. ನಾನು ನಗಲಿಲ್ಲ. ಕೈ ಯಾರದು ಎಂದು ಕೇಳಿದೆ.

“ಹಿಂದ ಗ್ವಾಡಿ ಇತ್ತು,” ಅಂದಳು. ಬಟ್ಟೆ ಹಿಂಡುತ್ತ ನನ್ನ ಕಡೆ ನೋಡಿದಳು. “ಆದ್ರ ಕೈ ನಿಂದು. ನಿನ್ ಕೈ ಹೆಂಗ ಬೀಳ್ತದಂತ ನನಗ ಗೊತ್ತಿಲ್ಲೇನು, ಸತ್ತ ಮೀನ ಇಟ್ಟಂಗ.”

ನನ್ನ ಬೆನ್ನಿನ ಮೇಲೆ ಬಿದ್ದ ಕೈಯ ಸುದ್ದಿ ಅವಳಿಗೆ ಆಗ ಗೊತ್ತಿತ್ತೇ? ಗೊತ್ತಿರಲಿಲ್ಲ ಎಂದು ನಾನು ಹೇಳುತ್ತ ಬಂದಿದ್ದೇನೆ. ಅವಳು ಮೊದಲು ಹೇಳಿದಳು, ಆಮೇಲೆ ನಾನು ಹೇಳಿದೆ. ಆ ಕ್ರಮದಲ್ಲೇ ಕಥೆಗೆ ಬಲ. ರೇಷ್ಮಾಳ ಪ್ರಕಾರ ನಾನು ಅಷ್ಟರಲ್ಲಿ ಹಾಸ್ಟೆಲ್ ತುಂಬ ಹೇಳಿ ಮುಗಿಸಿದ್ದೆ, ಗೇಟು ದಾಟುವ ಮುಂಚೆಯೇ ಯಾರೋ ಮಾನಮ್ಮನ ಕಿವಿಗೆ ಹಾಕಿದ್ದರು. ಹಾಗಿದ್ದರೆ ಮಾನಮ್ಮ ನನ್ನ ಕಥೆ ಕೇಳಿ, ಅದಕ್ಕಿಂತ ಒಂದು ಕೈ ಮೇಲಿನದನ್ನು ಅಲ್ಲೇ ಕಟ್ಟಿರಬಹುದು. ನಾನು ಓಟದಲ್ಲಿ ಒಂದು ಸುತ್ತು ಹೆಚ್ಚು ಹಾಕಿದರೆ ಅವಳು ಎರಡು ಹಾಕುತ್ತಿದ್ದಳು. ಇದು ಅವಳ ಸ್ವಭಾವಕ್ಕೆ ಹೊರತಾದದ್ದೇನೂ ಅಲ್ಲ.

ಆದರೆ ಪಂದ್ಯದ ದಿನವೇ ಊರಲ್ಲಿ ಅವಳು ಎದ್ದದ್ದಂತೂ ನಿಜ. ಅದಕ್ಕೆ ಅವಳೂರಿನ ಓಣಿಯೇ ಸಾಕ್ಷಿ. ಉಡಿ ಚೆಲ್ಲಿದ ಹುಡುಗಿಯ ಮನೆಗೆ ಆ ಜನ ಮತ್ತೆ ಬರಲಿಲ್ಲ. ಸುದ್ದಿ ಹಬ್ಬಿ, ಬೇರೆಯವರೂ ಬಹಳ ದಿನ ಆ ಕಡೆ ಸುಳಿಯಲಿಲ್ಲ. ಮನೆಯಲ್ಲಿ ಸುಮ್ಮನೆ ಕೂತು ಏನು ಮಾಡುತ್ತಾಳೆ ಎಂದು ಅಪ್ಪ ಅವಳನ್ನು ಶಹಾಪುರದ ಕಾಲೇಜಿಗೆ ಕಳಿಸಿದ. ಬಸ್ಸಿನಲ್ಲಿ ಹೋಗಿ ಬಂದು ಓದಿದಳು, ಆಮೇಲೆ ಕೃಷಿ ಡಿಪ್ಲೊಮಾ ಮಾಡಿದಳು. ನಾನು ಕ್ರೀಡಾ ಹಾಸ್ಟೆಲ್ಲಿಗೆ ಹೋದೆ, ಮೊಣಕಾಲು ಕೈಕೊಡುವ ತನಕ ಆಡಿದೆ, ಪದವಿ ಮುಗಿಸಿದೆ, ಈಗ ಯಾದಗಿರಿಯಲ್ಲಿ ಕೆಲಸದಲ್ಲಿದ್ದೇನೆ. ಒಂದೇ ಒಂದು ಸೀಟಿತ್ತು. ಹೊರಗೆ ಬಿದ್ದವರು ಇಬ್ಬರು.

ಇದನ್ನು ನಾನು ಗೆಳೆತನದ ಕಥೆಯಾಗಿ ಹೇಳುತ್ತಿದ್ದ ಕಾಲವೂ ಒಂದಿತ್ತು. ಒಂದೇ ಹೊತ್ತಿನಲ್ಲಿ, ಅವಳು ಅಲ್ಲಿಂದ ನನ್ನನ್ನು ಎಬ್ಬಿಸಿದಳು, ನಾನು ಇಲ್ಲಿಂದ ಅವಳನ್ನು ಎಬ್ಬಿಸಿದೆ. ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು. ಆ ಕಥೆ ಹೋದ ವರ್ಷ ಸಗರದಲ್ಲಿ ಮುರಿದುಬಿತ್ತು.

ಬೇರೆ ಕೆಲಸದ ಮೇಲೆ ಆ ಊರಿಗೆ ಹೋದವಳು ಮಾನಮ್ಮನ ಮನೆಗೂ ಹೋದೆ. ಅವಳು ಇರಲಿಲ್ಲ. ಅವಳವ್ವ ಚಹಾ ಕೊಟ್ಟು ಮಾತಿಗೆ ಕೂತರು. ಹಳೆಯ ಮಾತು ಬಂತು. ಆ ದಿನ ಮಧ್ಯಾಹ್ನ ಊಟ ಆದಮೇಲೆ ತಾನೇ ಉಡಿ ತುಂಬಿದ್ದು ಎಂದು ಕೇಳಿದೆ.

“ಇಲ್ಲ ತಾಯಿ, ಮುಂಜಾನೆ. ಹೊತ್ತು ಏರಾಕ ಮುಂಚೇನ. ಊಟ ಎಲ್ಲಿ ಬಂತು, ಅವರು ಉಣ್ಣಲಾರದ ಎದ್ದು ಹ್ವಾದ್ರಲ್ಲ. ಮಾಡಿದ ಹೋಳಿಗಿ ಎಲ್ಲಾ ಓಣಿಗೆ ಹಂಚಿದ್ವಿ. ಈಕಿ ಮಾತ್ರ ಒಂದೂ ತಿನ್ನಲಿಲ್ಲ. ಆ ದಿನ ಪೂರಾ ಅಂಗಳದಾಗ ತಿರಗ್ಯಾಳ. ‘ಕುಂದ್ರ ಯವ್ವ, ಆಗಿದ್ದು ಆತು’ ಅಂದ್ರ ಕುಂದ್ರವಲ್ಲಳು.”

ಹಂಚಿದ ಹೋಳಿಗೆಯ ನೆನಪು ತಪ್ಪಲಾರದು. ಹಾಗಾದರೆ ಎರಡೂ ಒಂದೇ ಹೊತ್ತಿಗೆ ನಡೆದದ್ದಲ್ಲ. ಹೊತ್ತು ಕೂಡಿಸಿದ್ದು ನಾನು. ವಾಪಸು ಬರುವ ಬಸ್ಸಿನಲ್ಲಿ ನನಗೆ ಬಹಳ ಹಗುರವೆನ್ನಿಸಿತು. ಬೆಳಗ್ಗೆ ಸಗರದಲ್ಲಿ ಅಂಜಿದ ಹುಡುಗಿಯೊಬ್ಬಳು ಎದ್ದಳು. ಮಧ್ಯಾಹ್ನ ಯಾದಗಿರಿಯಲ್ಲಿ ಆಸೆಯ ಹುಡುಗಿಯೊಬ್ಬಳು ಎದ್ದಳು. ಒಂದಕ್ಕೊಂದು ಸಂಬಂಧವಿಲ್ಲ.

ಶಹಾಪುರ ದಾಟಿದಮೇಲೆ ಇನ್ನೊಂದು ಯೋಚನೆ ಬಂತು. ಇದನ್ನು ಆಟ ಆಡಿದವರು ಮಾತ್ರ ಮಾಡುವ ಯೋಚನೆ ಎಂದು ಬೇಕಾದರೆ ನಕ್ಕುಬಿಡಿ. ಖೋ ಸಿಕ್ಕವಳು ಎದ್ದಮೇಲೆ ಕೂರುವಂತಿಲ್ಲ, ಮುಂದೆ ಒಬ್ಬಳಿಗೆ ಕೊಡುವ ತನಕ. ಬೆಳಗ್ಗೆ ಎದ್ದವಳು ದಿನವಿಡೀ ಅಂಗಳದಲ್ಲಿ ತಿರುಗಿದಳು. ಮಧ್ಯಾಹ್ನ ನನ್ನ ಬೆನ್ನಿಗೆ ಕೈ ಬಿತ್ತು. ಎರಡೂ ಒಂದೇ ಹೊತ್ತಿಗೆ ಆಗಿದ್ದರೆ ಆಟದ ಲೆಕ್ಕ ತಪ್ಪುತ್ತಿತ್ತು. ಈಗ ಸರಿಹೋಗುತ್ತದೆ. ಹಾಗಾದರೆ ಬೆಳಗ್ಗೆ, ನಾನು ಯಾದಗಿರಿಯ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಾಗ, ನನ್ನ ಕೈಯಿಂದ ಅವಳಿಗೆ ಕೊಟ್ಟವರು ಯಾರು?

ಕಳೆದ ತಿಂಗಳು ಅವಳನ್ನೇ ಕೇಳಿದೆ. ಶಹಾಪುರದಲ್ಲಿ ಅವಳದು ಬೀಜ, ಗೊಬ್ಬರದ ಅಂಗಡಿ. ಹತ್ತಿಯ ಬೀಜದ ಹಂಗಾಮು, ಜನ ತುಂಬಿದ್ದರು. ಅವಳು ಕೌಂಟರಿನ ಹಿಂದೆ ನಿಂತು ಒಬ್ಬರ ಜೊತೆ ಮಾತಾಡುತ್ತ ಇನ್ನೊಬ್ಬರಿಗೆ ಪ್ಯಾಕೆಟ್ ಕೊಡುತ್ತಿದ್ದಳು. ಮದುವೆಯಾಗಿಲ್ಲ. ಮೈ ಸ್ವಲ್ಪ ತುಂಬಿಕೊಂಡಿದೆ, ಕೈಗಳು ಹಾಗೆಯೇ ಇವೆ. ಜನ ಕಡಿಮೆಯಾದಾಗ ನೇರವಾಗಿ ಕೇಳಿದೆ.

“ಮಾನಿ, ಅವತ್ತ ನನಗ ಖೋ ಕೊಟ್ಟಾಕಿ ನೀನೇ ಏನು?”

ಅವಳು ಯಾವತ್ತು ಎಂದು ಕೇಳಲಿಲ್ಲ.

“ನಾ ಯಾಕ ಕೊಡ್ಲಿ? ಸೀಟ್ ನಂದಿತ್ತು.”

“ನಾನೂ ನಿನಗ ಕೊಟ್ಟಿಲ್ಲ.”

“ಕೊಟ್ಟೀದಿ. ಅದ್ರಾಗ ಸುಳ್ಳಿಲ್ಲ.”

“ಕೊಟ್ಟೀನಿ ಅಂತನೇ ತಿಳಿ. ಮುಂಜಾನೆ ಸಿಕ್ಕದ ನಿನಗ. ಆಮ್ಯಾಲ ನೀ ಯಾರಿಗರ ಕೊಟ್ಟಿರಬೇಕಲ್ಲ.”

ಅವಳು ಒಬ್ಬ ಗಿರಾಕಿಗೆ ಪ್ಯಾಕೆಟ್ ಕಟ್ಟಿ ಕೊಟ್ಟು, ಚಿಲ್ಲರೆ ಎಣಿಸಿದಳು.

“ಯಾರಿಗೂ ಕೊಟ್ಟಿಲ್ಲ,” ಅಂದಳು. “ಖೋ ಇನ್ನ ನನ್ ಹತ್ರಾನೇ ಅದ.”

ನಗುತ್ತಾಳೇನೋ ಎಂದು ಮುಖ ನೋಡಿದೆ. ನಗಲಿಲ್ಲ. ನನ್ನನ್ನು ಹೆದರಿಸಬೇಕೆಂದು ಅಂದಳೇ, ಹಳೆಯ ಸಿಟ್ಟಿನಿಂದ ಅಂದಳೇ, ಅಥವಾ ನಿಜವಾಗಿ ಇರುವುದನ್ನು ಇದ್ದ ಹಾಗೆ ಹೇಳಿದಳೇ, ನನಗೆ ತಿಳಿದಿಲ್ಲ. ಅವಳು ಕೊಟ್ಟಿಲ್ಲವಾದರೆ ನಾನು ಎದ್ದದ್ದು ಯಾರ ಕೈಯಿಂದ ಎಂಬುದೂ ತಿಳಿದಿಲ್ಲ. ಮತ್ತೆ ಕೇಳುವಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದರು. ಅವಳು ಅವರಿಗೆ ಕುರ್ಚಿ ತೋರಿಸಿ “ಕೂಡ್ರಿ” ಅಂದಳು, ನನಗೆ “ಬರ್ತಿರು” ಅಂದಳು. ನಾನು ಮೆಟ್ಟಿಲಿಳಿದು ಬಸ್ ನಿಲ್ದಾಣದ ಕಡೆಗೆ ನಡೆದೆ. ನೇರ ರಸ್ತೆ. ಅಷ್ಟು ದೂರವೂ ನನ್ನ ಬೆನ್ನು ಅವಳ ಕಡೆಗೆ ಇತ್ತು.